ಸೈಕಲ್ ಮೇಲೆ ಸಿಗರೇಟ್ (ಭಾಗ 3)

ಈ ಹಳೇ ಫೋಟೋ ನೋಡಿ. 1920ರ ದಶಕದ ಟೂರ್ ದ ಫ್ರಾನ್ಸ್. ಸೈಕಲ್ ತುಳೀತಾನೇ ಒಬ್ಬರಿಗೊಬ್ಬರು ಸಿಗರೇಟ್ ಹಚ್ಚಿಕೊಡ್ತಿದ್ದಾರೆ! ಕೆಲವೊಮ್ಮೆ ಒಂದೇ ಹಂತದಲ್ಲಿ 400 ಕಿ.ಮೀ. ದಾಟುತ್ತಿದ್ದ ಗಟ್ಟಿಗರು ಇವರು. ಸಿಗರೇಟಿನ ಅಪಾಯ ಆಗ ಬಹುತೇಕರಿಗೆ ಗೊತ್ತಿರಲಿಲ್ಲ.

1950ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಅಂಕಿಅಂಶ ಸಮೇತ ತೋರಿಸಿದರು. ಸ್ವತಃ ಸೇದುತ್ತಿದ್ದ ಡಾಲ್, ಆ ಅಧ್ಯಯನದ ನಡುವೆಯೇ ಸಿಗರೇಟ್ ಬಿಟ್ಟರು.

ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಕಬಳಿಸುತ್ತೆ. ಏರು ರಸ್ತೆಯಲ್ಲಿ ಬೇಗ ಏದುಸಿರು ಬರೋದಕ್ಕೆ ಇದೂ ಒಂದು ಕಾರಣ. ಬಿಟ್ಟರೆ ಒಂದೆರಡು ದಿನದಲ್ಲೇ ಅದು ಇಳಿದುಹೋಗುತ್ತೆ.

'ದಿನಾ ಸೈಕಲ್ ತುಳಿತೀನಲ್ಲ, ಏನೂ ಆಗಲ್ಲ' ಅಂತ ನಾನೂ ಸೇದ್ತಿದ್ದೆ. ಬಿಟ್ಟು ಇವತ್ತಿಗೆ 40 ದಿನ. ಫೋಟೋದಲ್ಲಿರೋರಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ, ಅಲ್ವಾ?