ಧಾರವಾಡದ ಒಂದು ಅರ್ಜಿ

1856ರ ಜೂನ್ ತಿಂಗಳು. ಧಾರವಾಡದ ಸರ್ಕಾರಿ ಶಾಲೆ ತನ್ನನ್ನು ಸೇರಿಸಿಕೊಳ್ಳುತ್ತಿಲ್ಲವೆಂದು ಅಸ್ಪೃಶ್ಯರೆನಿಸಿದ್ದ ಮಹಾರ್ ಜಾತಿಯ ಹುಡುಗನೊಬ್ಬ ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಎಲ್ಲರಂತೆ ಫೀ ಕಟ್ಟುತ್ತೇನೆ ಎಂದೂ ತಿಳಿಸಿದ್ದ. ಇದೇ ಊರಿನಲ್ಲಿ ಇತಿಹಾಸ ಕಲಿಸುವ ನಾನು ಒಂಬತ್ತನೇ ತರಗತಿಗೆ ಇಷ್ಟು ಹೇಳಿ ನಿಲ್ಲಿಸುತ್ತೇನೆ. “ಈಗ ನೀವೇ ಸಾಹೇಬರು. ಉತ್ತರ ಬರೀರಿ.”

ಬರುವ ಉತ್ತರಗಳಲ್ಲಿ ಬೈಗುಳ ಇರುವುದಿಲ್ಲ. “ನಿನ್ನ ಮ್ಯಾಲೆ ನಮಗ ಸಿಟ್ಟಿಲ್ಲ. ಆದರ ಉಳಿದವರು ಸಾಲಿ ಬಿಟ್ಟರ ಏನ್ ಮಾಡೋದು?” ಎಂದು ಒಬ್ಬಳು ಓದಿದಳು. ಹಿಂದಿನ ಬೆಂಚಿನವ ಎದ್ದು, “ಬಿಡವರು ಬಿಡಲಿ. ಇವ ಯಾಕ ಹೊರಗ ನಿಂದರಬೇಕ್ರಿ?” ಎಂದ. ಅಲ್ಲಿಂದ ವಾದ ಶುರು. ನಾನು ತಡೆಯುವುದಿಲ್ಲ, ಯಾರ ಮನೆಯ ಜಾತಿಯನ್ನೂ ಎಳೆದು ತರಬಾರದು ಎಂಬುದೊಂದೇ ಷರತ್ತು.

ಗದ್ದಲ ಇಳಿದ ಮೇಲೆ ನಿಜವಾದ ಉತ್ತರ ಹೇಳುತ್ತೇನೆ. ನ್ಯಾಯ ಹುಡುಗನ ಕಡೆಗೇ ಇದೆಯೆಂದು ಮುಂಬಯಿ ಸರ್ಕಾರ ಜುಲೈನಲ್ಲಿ ಒಪ್ಪಿಕೊಂಡಿತು. ಆದರೆ ಒಬ್ಬನಿಗಾಗಿ ಹಳೆಯ ಕಟ್ಟಳೆಗೆ ಕೈಹಾಕಿದರೆ ವಿದ್ಯಾಪ್ರಸಾರಕ್ಕೇ ಧಕ್ಕೆ ಎಂದು ಪ್ರವೇಶ ಕೊಡಲಿಲ್ಲ. ಗವರ್ನರ್ ಜನರಲ್ ಕಚೇರಿ 1857ರ ಜನವರಿಯಲ್ಲಿ ಎರಡೂ ಕಡೆ ವಾಲಿತು: ಮುಂಬಯಿಯವರು ಮಾಡಿದ್ದು ವಿವೇಕವೇ ಇರಬಹುದು, ಬಂಗಾಳದಲ್ಲಾದರೆ ಹುಡುಗನನ್ನು ಹೊರಗಿಡುತ್ತಿರಲಿಲ್ಲ! ಕೊನೆಗೆ 1858ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ಬರೆದರು.

“ಹಂಗಾರ ಗೆದ್ದನಲ್ಲರೀ?” ಎಂದು ಮಕ್ಕಳು ಕೇಳುತ್ತಾರೆ. ಆಗ ಸಾತಾರಾದ ಕಡೆ ಹೊರಳುತ್ತೇನೆ. ಅದೂ ಮುಂಬಯಿ ಪ್ರಾಂತ್ಯವೇ. ಆ ಆದೇಶ ಬಂದು ನಲವತ್ತು ವರ್ಷ ದಾಟಿದ ಮೇಲೂ ಅಲ್ಲಿ ಬಾಲಕ ಅಂಬೇಡ್ಕರ್ ತರಗತಿಯ ಮೂಲೆಯಲ್ಲಿ, ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕೂರಬೇಕಿತ್ತು. ಶಾಲೆಯ ಆಳು ಅದನ್ನು ಮುಟ್ಟುತ್ತಿರಲಿಲ್ಲ. ಸಂಜೆ ಅದನ್ನು ಮನೆಗೊಯ್ದು ಮರುದಿನ ಮತ್ತೆ ತರಬೇಕು. ಒಳಗೆ ಬಿಡುವುದಕ್ಕೆ ಲಂಡನ್ನಿನ ಕಾಗದ ಸಾಕಾಯಿತು. ಪಕ್ಕದಲ್ಲಿ ಕೂರಿಸಿಕೊಳ್ಳುವುದಕ್ಕೆ ಸಾಲಲಿಲ್ಲ.

ಭೇದ ಮಾಡುವವರು ಸಿಟ್ಟಿನಿಂದಲೇ ಮಾತಾಡುತ್ತಾರೆಂದು ಹದಿಹರೆಯದವರು ತಿಳಿದಿರುತ್ತಾರೆ. ‘ನಮಗೇನೂ ಇಲ್ಲ, ಉಳಿದವರು ಒಪ್ಪಬೇಕಲ್ಲ’ ಎಂಬ ಸಭ್ಯ ಮಾತು ತಮ್ಮ ನೋಟ್‌ಬುಕ್ಕಿನಲ್ಲೇ ಸಿಕ್ಕವರು, ನಾಳೆ ಬೆಂಚು ಹಂಚಿಕೊಳ್ಳುವಾಗ ಯಾರಾದರೂ ಅದನ್ನಾಡಿದರೆ ಗುರುತು ಹಿಡಿಯುತ್ತಾರೆ.