ಯಥಾಶಕ್ತಿ: ಮೈಸೂರಿನ ನವರಾತ್ರಿಯೂ ಮನೆಯ ಸಂಕಲ್ಪವೂ

ನವರಾತ್ರಿಯ ಮೊದಲನೆಯ ದಿನ ಕಲಶವನ್ನಿಟ್ಟು ಪೂಜೆಗೆ ಕುಳಿತ ಗೃಹಸ್ಥನು ಆಚಮನ ಪ್ರಾಣಾಯಾಮಗಳಾದೊಡನೆ ಮಾಡತಕ್ಕುದು ಸಂಕಲ್ಪವಷ್ಟೆ. ತಾನಿರುವ ದೇಶ ಯಾವುದು, ನಡೆಯುತ್ತಿರುವ ಸಂವತ್ಸರ ಮಾಸ ತಿಥಿ ವಾರ ನಕ್ಷತ್ರಗಳಾವುವು, ತಾನು ಯಾರು, ಮಾಡಹೊರಟ ಕಾರ್ಯವೇನು ಎಂಬಿಷ್ಟನ್ನು ಬಾಯಿಬಿಟ್ಟು ಹೇಳಿ, ಅದನ್ನು 'ಯಥಾಶಕ್ತಿ' ನಡೆಸುವೆನೆಂದು ಅಕ್ಷತೆಯೊಡನೆ ನೀರು ಬಿಡುವುದು ನಮ್ಮಲ್ಲಿ ನಡೆದುಬಂದಿರುವ ಪದ್ಧತಿ. ಪುರೋಹಿತರು ಹೇಳಿಕೊಟ್ಟುದನ್ನು ನಾವು ಅರ್ಧ ಕೇಳಿ ಅರ್ಧ ಬಿಟ್ಟು ನುಡಿಯುವುದರಿಂದ ಈ ಮಾತಿನ ತೂಕ ನಮಗೆ ತಿಳಿಯದೆ ಹೋಗಿದೆ. ಸ್ಥಳ, ಕಾಲ, ಕರ್ತೃ, ಕಾರ್ಯ, ಇವು ನಾಲ್ಕನ್ನೂ ಗೊತ್ತುಪಡಿಸಿದ ಮೇಲೆ ಐದನೆಯದಾಗಿ ಶಕ್ತಿಯ ಮಿತಿಯನ್ನೂ ಗೊತ್ತುಪಡಿಸಿದ ನಮ್ಮ ಹಿರಿಯರು ಲೋಕವ್ಯವಹಾರವನ್ನು ಚೆನ್ನಾಗಿ ಬಲ್ಲವರೆಂದೇ ಹೇಳಬೇಕು.

ಈಗಿನ ಕಾಲದಲ್ಲಿ ಜನವರಿಯ ಮೊದಲನೆಯ ದಿನ ದೊಡ್ಡ ದೊಡ್ಡ ನಿಶ್ಚಯಗಳನ್ನು ಬರೆದಿಡುವ ರೂಢಿ ವಿದ್ಯಾವಂತರ ಮನೆಗಳಲ್ಲಿ ಹೆಚ್ಚಾಗಿದೆ. ಬೆಳಗಿನ ಜಾವಕ್ಕೆ ಏಳುವೆನು, ವರ್ಷಕ್ಕೆ ನೂರು ಪುಸ್ತಕ ಓದುವೆನು, ಸಂಗೀತ ಕಲಿಯುವೆನು ಎಂಬಿವೇ ಮೊದಲಾದವು ಆ ಪಟ್ಟಿಯಲ್ಲಿರುತ್ತವೆ. ಯುಗಾದಿಯ ಬೇವು ಬೆಲ್ಲ ಬರುವ ಹೊತ್ತಿಗೆ ಪಟ್ಟಿ ಎಲ್ಲಿದೆಯೆಂಬುದೇ ಮರೆತಿರುತ್ತದೆ. ನಿಶ್ಚಯ ಮಾಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಅದರಲ್ಲಿ 'ಯಥಾಶಕ್ತಿ' ಎಂಬ ಮಾತಿಗೆ ಎಡೆಯಿಲ್ಲದೆ ಹೋದುದೇ ಕೊರತೆ. ಈ ಒಂದು ಪದವನ್ನು ಕೈಯಲ್ಲಿ ಹಿಡಿದು ನಮ್ಮೂರಿನ ನವರಾತ್ರಿಯ ಚರಿತ್ರೆಯನ್ನೂ, ಅದರ ನೆರಳಿನಲ್ಲಿ ನಮ್ಮ ಮನೆಗಳ ಬೊಂಬೆಹಬ್ಬವನ್ನೂ ನೋಡಬೇಕೆಂಬುದು ಈ ಲೇಖನದ ಉದ್ದೇಶ.

ಮೈಸೂರಿನ ದಸರೆಗೆ ಮೂಲ ವಿಜಯನಗರವೆಂಬುದು ವಾಚಕರಿಗೆಲ್ಲ ತಿಳಿದ ವಿಷಯ. ೧೪೪೩ರಲ್ಲಿ ಅಲ್ಲಿಗೆ ಬಂದಿದ್ದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನೂ, ಸುಮಾರು ೧೫೨೦ರಲ್ಲಿ ಕೃಷ್ಣದೇವರಾಯನ ಆಸ್ಥಾನವನ್ನು ಕಂಡ ಪೋರ್ಚುಗೀಸರ ಪಯಸನೂ ಮಹಾನವಮಿಯ ವೈಭವವನ್ನು ವಿಸ್ತಾರವಾಗಿ ಬರೆದಿಟ್ಟಿದ್ದಾರೆ. ಆ ಉತ್ಸವದ ಹೆಸರನ್ನು ಹೊತ್ತ ಮಹಾನವಮಿ ದಿಬ್ಬ ಹಂಪೆಯಲ್ಲಿ ಇಂದಿಗೂ ನಿಂತಿದೆ. ೧೫೬೫ರ ಯುದ್ಧದಲ್ಲಿ ಆ ರಾಜಧಾನಿ ಹಾಳಾಯಿತು. ಬಳಿಕ ೧೬೧೦ರಲ್ಲಿ ಮೈಸೂರಿನ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲನಿಂದ ಶ್ರೀರಂಗಪಟ್ಟಣವನ್ನು ಪಡೆದು, ಅದೇ ವರ್ಷ ಅಲ್ಲಿ ನವರಾತ್ರಿಯ ಉತ್ಸವವನ್ನು ಪ್ರಾರಂಭಿಸಿದರು. ಆಗ ಅವರ ರಾಜ್ಯ ವಿಜಯನಗರದ ಮುಂದೆ ಕೇವಲ ಒಂದು ಪಾಳೆಯಪಟ್ಟಿನಷ್ಟಿದ್ದಿತು. ಚಕ್ರವರ್ತಿಗಳು ಮಾಡಿದಷ್ಟನ್ನು ಮಾಡಲಾರೆನೆಂದು ಅವರು ಕೈಬಿಡಲೂ ಇಲ್ಲ, ತಮ್ಮ ರಾಜ್ಯ ಅಷ್ಟು ದೊಡ್ಡದಾಗಲಿ ಎಂದು ಕಾಯಲೂ ಇಲ್ಲ. ಇದ್ದ ನೆಲದಲ್ಲಿ, ಇದ್ದ ಬಲಕ್ಕೆ ತಕ್ಕಂತೆ ಹಬ್ಬವನ್ನು ನೆಲೆಗೊಳಿಸಿದರು.

ಆ ಮೊದಲನೆಯ ವರ್ಷವೇ ಒಂದು ಕಠಿನವಾದ ಪರೀಕ್ಷೆ ಒದಗಿತೆಂದು ಅರಮನೆಯ ಚರಿತ್ರೆಗಳು ಹೇಳುತ್ತವೆ. ನವರಾತ್ರಿಯ ಮುನ್ನಾದಿನ ರಾಜ ಒಡೆಯರ ಹಿರಿಯ ಮಗ ನರಸರಾಜರು ತೀರಿಕೊಂಡರು. ಮನೆಯಲ್ಲಿ ಸೂತಕ, ಹೊರಗೆ ಹಬ್ಬದ ಸಿದ್ಧತೆ. ತಂದೆಯಾದವರು ಬಲ್ಲವರನ್ನು ವಿಚಾರಿಸಿ, ಹಬ್ಬವನ್ನು ನಿಲ್ಲಿಸದೆ ನಡೆಸಿ, ರಾಜಮನೆತನದಲ್ಲಿ ಮರಣವೇ ಸಂಭವಿಸಿದರೂ ನವರಾತ್ರಿ ನಿಲ್ಲಕೂಡದೆಂದು ಕಟ್ಟಳೆ ಮಾಡಿದರೆಂದು ಪ್ರತೀತಿ. ಇದನ್ನು ನಿಷ್ಠುರತೆಯೆಂದು ತಿಳಿಯತಕ್ಕುದಲ್ಲ. ದುಃಖ ಕಳೆದ ಮೇಲೆ ಹಬ್ಬ ಮಾಡೋಣವೆಂದರೆ ದುಃಖ ಕಳೆಯುವುದು ಎಂದಿಗೆ? ದುಃಖವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ದೀಪ ಹಚ್ಚಬೇಕಾಗುವ ವರ್ಷಗಳು ಎಲ್ಲ ಮನೆಗಳಿಗೂ ಬರುತ್ತವೆ.

೧೭೯೯ರಲ್ಲಿ ರಾಜಧಾನಿ ಮೈಸೂರಿಗೆ ಬಂದಿತು. ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಗಿ ಹಬ್ಬವೂ ಅವರೊಡನೆ ಬಂದು ನೆಲೆಸಿತು. ೧೮೩೧ರಲ್ಲಿ ಇಂಗ್ಲಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ರಾಜ್ಯಭಾರವಿಲ್ಲದ ಅರಸರಾಗಿ ಮುಮ್ಮಡಿಯವರು ೧೮೬೮ರಲ್ಲಿ ದೈವಾಧೀನರಾಗುವವರೆಗೂ ಬಾಳಬೇಕಾಯಿತು. ಕೈಯಲ್ಲಿ ಅಧಿಕಾರವಿಲ್ಲದಿದ್ದರೂ ಅವರು ನವರಾತ್ರಿಯನ್ನು ಬಿಡಲಿಲ್ಲ. ಅವರ ಕಾಲದಲ್ಲಿ ೧೮೬೧ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ದಸರೆಯ ಮೆರವಣಿಗೆಯ ಚಿತ್ರಗಳನ್ನು ಈಗಲೂ ನೋಡಬಹುದು.

ಇನ್ನು ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತಲೂ ಮುಖ್ಯವೆಂದು ತೋರುವ ವರ್ಷ ೧೮೮೧. ಅದಕ್ಕೆ ಹಿಂದೆ ೧೮೭೬ರಿಂದ ೧೮೭೮ರವರೆಗೆ ಘೋರವಾದ ಕ್ಷಾಮ ಬಂದು ಹೋಗಿತ್ತು. ೧೮೭೧ರ ಜನಗಣತಿಯಲ್ಲಿ ಸುಮಾರು ೫೦ ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕಿಳಿದಿತ್ತು. ಬೊಕ್ಕಸ ಬರಿದಾಗಿ, ಕ್ಷಾಮಕ್ಕಾಗಿ ಮಾಡಿದ ೮೦ ಲಕ್ಷ ರೂಪಾಯಿ ಸಾಲ ತಲೆಯ ಮೇಲಿತ್ತು. ಇಂಥ ಸ್ಥಿತಿಯಲ್ಲಿ ಆ ವರ್ಷದ ಮಾರ್ಚಿ ತಿಂಗಳಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಹಿಂದಿರುಗಿಸಲಾಯಿತು. ದಿವಾನರಾದವರು ಸಿ. ರಂಗಾಚಾರ್ಲುರವರು.

ರಂಗಾಚಾರ್ಲುರವರ ಕಾಲದಲ್ಲಿ ಆಗಸ್ಟ್ ೨೫ರಂದು ಹೊರಟ ಸರ್ಕಾರಿ ಆಜ್ಞೆಯೊಂದು ಪ್ರತಿವರ್ಷವೂ ದಸರೆ ಮುಗಿದೊಡನೆ ಸಂಸ್ಥಾನದ ನಾನಾ ಭಾಗಗಳ ರೈತರ ಮತ್ತು ವರ್ತಕರ ಪ್ರತಿನಿಧಿಗಳು ಮೈಸೂರಿನಲ್ಲಿ ಸೇರತಕ್ಕುದೆಂದು ಗೊತ್ತುಮಾಡಿತು. ಕಳೆದ ವರ್ಷ ಏನು ನಡೆಯಿತೆಂಬ ಲೆಕ್ಕವನ್ನೂ, ಬರುವ ವರ್ಷ ಏನು ಮಾಡಬೇಕೆಂದಿದೆಯೆಂಬ ಯೋಜನೆಯನ್ನೂ ಅವರ ಮುಂದಿಡುವುದೇ ಆ ಸಭೆಯ ಕಾರ್ಯ. ಅದರಂತೆ ಅಕ್ಟೋಬರ್ ೭ರಂದು ೧೪೪ ಮಂದಿ ಸೇರಿದರು. ಇದೇ ಮೈಸೂರಿನ ಪ್ರಜಾಪ್ರತಿನಿಧಿ ಸಭೆ. ವರ್ಷಕ್ಕೊಮ್ಮೆ ಹೇಗೂ ಊರಿಗೆ ಬರುವ ಜನರ ಹಬ್ಬವನ್ನೇ ವರ್ಷದ ಲೆಕ್ಕವನ್ನೊಪ್ಪಿಸುವ ಸಮಯವನ್ನಾಗಿ ಮಾಡಿಕೊಂಡುದರಲ್ಲಿ ದಿವಾನರ ಜಾಣತನವಿದೆ.

ಆಗ ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಕೇಳುವುದು, ತಮ್ಮ ಕಷ್ಟವನ್ನು ಹೇಳಿಕೊಳ್ಳುವುದು, ಇಷ್ಟೆ. ಇಷ್ಟರಿಂದೇನಾದೀತೆಂದು ನಗುವವರೂ ಇದ್ದಿರಬಹುದು. ಆದರೆ ೧೮೯೧ರಲ್ಲಿ ಸದಸ್ಯರನ್ನು ಚುನಾಯಿಸುವ ಕ್ರಮ ಬಂದಿತು. ೧೯೨೩ರಲ್ಲಿ ಸಭೆಗೆ ಶಾಸನದ ಆಧಾರ ದೊರೆಯಿತು. ೧೯೪೯ರಲ್ಲಿ ಅದು ಮುಗಿಯುವ ವೇಳೆಗೆ ಜನತಂತ್ರದ ಅಭ್ಯಾಸವನ್ನು ಮೂರು ತಲೆಮಾರಿಗೆ ಮಾಡಿಸಿತ್ತು. ಸರ್ಕಾರದ ಕಾರ್ಯಗಳೂ ಹಾಗೆಯೇ. ಮೊದಲು ವೆಚ್ಚವನ್ನಿಳಿಸುವುದು, ಬೆಂಗಳೂರಿನಿಂದ ಬರುತ್ತಿದ್ದ ರೈಲುದಾರಿಯನ್ನು ಮೈಸೂರಿಗೆ ಮುಟ್ಟಿಸುವುದು, ಇಂಥ ಕೈಗೆಟಕುವ ಕೆಲಸಗಳು. ೧೮೮೨ರಲ್ಲಿ ರೈಲು ಮೈಸೂರಿಗೆ ಬಂದಿತು. ರಂಗಾಚಾರ್ಲುರವರು ೧೮೮೩ರ ಜನವರಿಯಲ್ಲಿ ತೀರಿಕೊಂಡರು. ಎಲ್ಲವನ್ನೂ ಮುಗಿಸಲು ಅವರಿಗೆ ಆಯುಸ್ಸು ಸಾಲಲಿಲ್ಲ. ಅವರು ಇಟ್ಟ ಮೊದಲ ಹೆಜ್ಜೆ ಚಿಕ್ಕದಾಗಿದ್ದುದರಿಂದಲೇ ಅವರ ಬಳಿಕ ಬಂದ ಶೇಷಾದ್ರಿ ಅಯ್ಯರ್‌ರವರು ಎರಡನೆಯ ಹೆಜ್ಜೆಯನ್ನಿಡುವುದು ಸಾಧ್ಯವಾಯಿತು. ಕ್ಷಾಮದ ಸಾಲವೂ ಅಯ್ಯರ್‌ರವರ ಕಾಲದಲ್ಲಿ ತೀರಿತು.

ಅರಮನೆಯಿಂದ ಈಗ ನಮ್ಮ ಮನೆಗಳಿಗೆ ಬರೋಣ. ಅರಮನೆಯಲ್ಲಿ ಬೊಂಬೆ ತೊಟ್ಟಿಯುಂಟು. ಊರಿನ ಮನೆಗಳಲ್ಲಿ ನಡುಮನೆಯ ಮೆಟ್ಟಿಲುಗಳುಂಟು. ಮೂರು, ಐದು, ಏಳು, ಒಂಬತ್ತು ಎಂದು ಬೆಸಸಂಖ್ಯೆಯ ಮೆಟ್ಟಿಲುಗಳನ್ನು ಕಟ್ಟಿ, ಬಿಳಿಯ ಪಂಚೆಯನ್ನು ಹಾಸಿ, ಮೇಲೆ ಪಟ್ಟದ ಬೊಂಬೆಗಳನ್ನು ಕೂರಿಸುವರು. ರಾಜ ರಾಣಿಯರ ಈ ಮರದ ಜೋಡಿಯನ್ನು ತಾಯಿತಂದೆಗಳು ಮಗಳಿಗೆ ಮದುವೆಯಲ್ಲಿ ಕೊಡುವುದು ರೂಢಿ. ಆದುದರಿಂದ ಒಂದು ಮನೆಯ ಮೆಟ್ಟಿಲ ಮೇಲೆ ಸೊಸೆಯಂದಿರ ತವರುಗಳೆಲ್ಲ ಬಂದು ಕುಳಿತಿರುತ್ತವೆ. ಕೆಳಗೆ ದೇವತೆಗಳು, ದಶಾವತಾರ, ಚನ್ನಪಟ್ಟಣದ ಬಣ್ಣದ ಆಟಿಕೆಗಳು. ತೀರ ಕೆಳಗೆ ಅಕ್ಕಿ ಬೇಳೆಗಳ ಅಂಗಡಿಯಿಟ್ಟುಕೊಂಡ ಶೆಟ್ಟಿ ಶೆಟ್ಟಮ್ಮ. ಸಾಯಂಕಾಲ ಕೇರಿಯ ಮಕ್ಕಳು ಬಂದು ಬಾಗಿಲಲ್ಲಿ ನಿಂತು "ಬೊಂಬೆ ಕೂರಿಸಿದ್ದೀರಾ?" ಎಂದು ಕೇಳಿ, ಆರತಿಯಾದ ಮೇಲೆ ಬೊಂಬೆ ಬಾಗಿನವೆಂದು ಕೊಡುವ ತಿಂಡಿಯನ್ನು ಕೈತುಂಬ ಪಡೆದು ಹೋಗುವರು.

ಈ ಹಬ್ಬದಲ್ಲಿ ಅನೇಕರು ನಡೆಸಿಕೊಂಡು ಬಂದಿರುವ ನಿಯಮವೊಂದುಂಟು: ಪ್ರತಿವರ್ಷವೂ ಒಂದಾದರೂ ಹೊಸ ಬೊಂಬೆಯನ್ನು ಸೇರಿಸಬೇಕು. ಹತ್ತಲ್ಲ, ಒಂದು. ಬಡತನವಿದ್ದ ವರ್ಷ ಮಣ್ಣಿನದು, ಅನುಕೂಲವಿದ್ದ ವರ್ಷ ಮರದ್ದು. ಮೂವತ್ತು ವರ್ಷ ಸಂಸಾರ ಮಾಡಿದ ಗೃಹಿಣಿಯ ಮೆಟ್ಟಿಲ ಮೇಲೆ ಮೂವತ್ತು ವರ್ಷಗಳ ದಿನಚರಿ ಕಾಣುತ್ತದೆ. ಈ ಬೊಂಬೆ ಮಗ ಹುಟ್ಟಿದ ವರ್ಷದ್ದು, ಇದು ಮಾವನವರಿಗೆ ಕಾಯಿಲೆಯಾದ ವರ್ಷದ್ದು ಎಂದು ಅವರು ಬೆರಳಿಟ್ಟು ಹೇಳಬಲ್ಲರು.

ನಮ್ಮ ಮನೆಯ ಮಾತೊಂದನ್ನು ಇಲ್ಲಿ ಹೇಳಿದರೆ ವಾಚಕರು ಮನ್ನಿಸಬೇಕು. ನನ್ನ ಸೋದರತ್ತೆಯವರು ಚಿಕ್ಕ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡು ನಮ್ಮ ಮನೆಯಲ್ಲಿದ್ದರು. ಬೊಂಬೆಗಳ ಪೆಟ್ಟಿಗೆಯನ್ನು ತೆಗೆಯುವವರು ಅವರು. ರಾಣಿಗೆ ಸೀರೆ ಉಡಿಸುವವರು ಅವರು. ಯಾವ ಬೊಂಬೆಯ ಕಥೆ ಯಾವುದೆಂದು ಮಕ್ಕಳಿಗೆ ಹೇಳುವವರೂ ಅವರೇ. ಸಾಯಂಕಾಲ ಅರಿಶಿನ ಕುಂಕುಮಕ್ಕೆ ಮುತ್ತೈದೆಯರು ಬರುವ ಹೊತ್ತಿಗೆ ಮಾತ್ರ ಅವರು ಅಡಿಗೆಯ ಮನೆಯ ಹಿಂದಕ್ಕೆ ಸರಿದುಬಿಡುತ್ತಿದ್ದರು. ಯಾರೂ ಹೋಗೆಂದು ಹೇಳಿದವರಿಲ್ಲ. ಇರೆಂದು ಹೇಳಿದವರೂ ಇಲ್ಲ. ಒಂದು ವರ್ಷ ನನ್ನ ತಾಯಿಯವರು ಪಟ್ಟದ ಬೊಂಬೆಯನ್ನು ಅವರ ಕೈಗೆ ಕೊಟ್ಟು, "ಅಕ್ಕಾ, ಮೊದಲನೆಯದನ್ನು ನೀವೇ ಕೂರಿಸಿ, ಆರತಿಗೂ ಇಲ್ಲೇ ನಿಲ್ಲಿ" ಎಂದರು. ಅತ್ತೆಯವರು ಬಹಳ ಹೊತ್ತು ಸುಮ್ಮನಿದ್ದು ಬಳಿಕ ಕೂರಿಸಿದರು. ಬಂದವರಲ್ಲಿ ಇಬ್ಬರು ಮರುವರ್ಷ ನಮ್ಮ ಮನೆಗೆ ಬರಲಿಲ್ಲ. ತಾಯಿಯವರು ಅದನ್ನು ದೊಡ್ಡದು ಮಾಡಲಿಲ್ಲ. ಸಮಾಜವನ್ನು ತಿದ್ದುವೆನೆಂದು ಅವರು ಹೊರಟವರಲ್ಲ. ತಮ್ಮ ನಡುಮನೆಯಲ್ಲಿ ತಮ್ಮಿಂದಾಗುವ ಒಂದು ಕಾರ್ಯವನ್ನು ಮಾಡಿದರು. ಸಂಪ್ರದಾಯವನ್ನು ಪ್ರೀತಿಸುವುದೆಂದರೆ ಅದರ ತಪ್ಪನ್ನೂ ಪೂಜಿಸುವುದೆಂದು ತಿಳಿಯಬೇಕಾಗಿಲ್ಲವೆಂಬುದನ್ನು ನಾನು ಅಂದು ಕಲಿತೆನು.

ಇಬ್ಬರೂ ಹೋದ ಮೇಲೆ ನಮ್ಮಲ್ಲಿ ಮೂರು ವರ್ಷ ಪೆಟ್ಟಿಗೆ ತೆರೆಯಲಿಲ್ಲ. ಒಂಬತ್ತು ಮೆಟ್ಟಿಲು ಕಟ್ಟುವವರಾರು, ಬಂದವರಿಗೆಲ್ಲ ತಿಂಡಿ ಮಾಡುವವರಾರು ಎಂಬುದು ನಮ್ಮ ಕಾರಣ. ನಾಲ್ಕನೆಯ ವರ್ಷ ನನ್ನ ಮಗಳು ಯಾರನ್ನೂ ಕೇಳದೆ ಒಂದು ಮಣೆಯನ್ನಿಟ್ಟು, ಅದರ ಮೇಲೆ ರಾಜ ರಾಣಿಯರನ್ನು ಮಾತ್ರ ಕೂರಿಸಿ, ಪಕ್ಕದಲ್ಲಿ ದೀಪವಿಟ್ಟಳು. ಒಂದೇ ಮೆಟ್ಟಿಲೇನಮ್ಮ ಎಂದುದಕ್ಕೆ, "ಒಂದೂ ಬೆಸಸಂಖ್ಯೆಯೇ ಅಲ್ಲವೆ, ಅಪ್ಪ?" ಎಂದಳು. ಈಗ ನಮ್ಮಲ್ಲಿ ಮೂರು ಮೆಟ್ಟಿಲುಗಳಿವೆ. ಒಂಬತ್ತಾಗಬೇಕೆಂಬ ಆತುರ ಯಾರಿಗೂ ಇಲ್ಲ.

ಇಂದು ಕೆಲವು ಮನೆಗಳಲ್ಲಿ ಬೊಂಬೆಹಬ್ಬ ಸ್ಪರ್ಧೆಯ ರೂಪವನ್ನು ತಾಳಿರುವುದುಂಟು. ನೋಡುವುದಕ್ಕೆ ಅದು ಚೆನ್ನಾಗಿಯೇ ಇರುತ್ತದೆ. ಆದರೆ ಆ ವೈಭವವನ್ನು ಕಂಡು ನೆರೆಮನೆಯವಳು ತನ್ನ ಹತ್ತು ಬೊಂಬೆಗಳನ್ನು ನಾಚಿಕೆಯಿಂದ ಪೆಟ್ಟಿಗೆಯಲ್ಲೇ ಬಿಟ್ಟರೆ, ಕೇರಿಯಲ್ಲಿ ಒಂದು ಹಬ್ಬ ಕಡಿಮೆಯಾದಂತಾಯಿತು. ಮಕ್ಕಳಿಗೆ ಬೇಕಾದುದು ಬಾಗಿಲು ತೆರೆದ ಮನೆಗಳೇ ಹೊರತು ಬಹುಮಾನ ಪಡೆದ ಮನೆಗಳಲ್ಲ.

ಊರಿನ ಹಬ್ಬವೂ ಕಾಲಕ್ಕೆ ತಕ್ಕಂತೆ ಬಾಗಿಯೇ ಉಳಿದಿದೆ. ೧೯೭೧ರಲ್ಲಿ ರಾಜರ ಮಾನ್ಯತೆ ರಾಜಧನಗಳು ರದ್ದಾದುವು. ಅಂಬಾರಿಯಲ್ಲಿ ಮಹಾರಾಜರು ಕುಳಿತು ಬರುತ್ತಿದ್ದ ಕಾಲ ಕಳೆದು, ಅದರಲ್ಲಿ ಚಾಮುಂಡೇಶ್ವರಿಯ ವಿಗ್ರಹವನ್ನಿಟ್ಟು ಸರ್ಕಾರವೇ ನಾಡಹಬ್ಬವನ್ನು ನಡೆಸುವ ಕ್ರಮ ಬಂದಿತು. ೨೦೧೩ರ ಡಿಸೆಂಬರಿನಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಕಾಲವಾದ ಬಳಿಕ, ಉತ್ತರಾಧಿಕಾರಿಯಿಲ್ಲದ ೨೦೧೪ರ ನವರಾತ್ರಿಯಲ್ಲಿ ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನಿಟ್ಟು ಅರಮನೆಯ ವಿಧಿಗಳನ್ನು ನಡೆಸಿದರು. ೨೦೨೦ರಲ್ಲಿ ಮಹಾಮಾರಿಯ ಕಾರಣದಿಂದ ಜಂಬೂಸವಾರಿ ಬನ್ನಿಮಂಟಪದವರೆಗೆ ಹೋಗದೆ ಅರಮನೆಯ ಆವರಣದೊಳಗೇ ಮುಗಿಯಿತು. ಅರಸರಿಲ್ಲದೆಯೂ, ಬೀದಿಯ ಜನಸಂದಣಿಯಿಲ್ಲದೆಯೂ ದಸರೆ ನಡೆಯಿತು, ನಿಲ್ಲಲಿಲ್ಲ. ನಾಲ್ಕು ನೂರು ವರ್ಷಗಳಿಗೂ ಮೀರಿದ ಹಬ್ಬದ ಬಾಳಿಕೆಗೆ ಅದರ ಚಿನ್ನದ ಅಂಬಾರಿಗಿಂತಲೂ ಈ ಗುಣವೇ ಹೆಚ್ಚು ಕಾರಣವೆಂದು ನನಗೆ ತೋರುತ್ತದೆ.

ವಿಜಯದಶಮಿಯು ಅಕ್ಷರಾಭ್ಯಾಸಕ್ಕೆ ಪ್ರಶಸ್ತವಾದ ದಿನ. ಅಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಟ್ಟೆಯ ಅಕ್ಕಿಯಲ್ಲಿ ಬೆರಳು ಹಿಡಿದು ನಾವು ಬರೆಯಿಸುವುದು ಮೊದಲ ಅಕ್ಷರಗಳನ್ನಷ್ಟೆ. ಅದೇ ದಿನ ದೊಡ್ಡವರೂ ತಮ್ಮ ವರ್ಷದ ಲೆಕ್ಕವನ್ನು ಮನೆಯವರ ಮುಂದೆ ಬಿಚ್ಚಿಟ್ಟು, ಮುಂದಿನ ವರ್ಷಕ್ಕೆ ತಮ್ಮಿಂದಾಗುವ ಒಂದು ಕಾರ್ಯವನ್ನು ಗೊತ್ತುಮಾಡಿಕೊಳ್ಳಬಾರದೇಕೆ? ನಿಂತುಹೋದ ಓದನ್ನು ದಿನಕ್ಕೆ ನಾಲ್ಕು ಪುಟದಂತೆ ಮುಂದುವರಿಸುವುದಾಗಲಿ, ಮಾತು ಬಿಟ್ಟ ಅಣ್ಣನಿಗೆ ಒಂದು ಕಾಗದ ಬರೆಯುವುದಾಗಲಿ, ಅಡಿಗೆಮನೆಯ ಹಿಂದೆ ನಿಂತವರೊಬ್ಬರನ್ನು ನಡುಮನೆಗೆ ಕರೆಯುವುದಾಗಲಿ, ಯಾವುದಾದರೂ ಆದೀತು. ಅಂದು ರಾತ್ರಿ ಪಟ್ಟದ ಬೊಂಬೆಯನ್ನು ಮಲಗಿಸಿ ಪೆಟ್ಟಿಗೆಗೆ ಸೇರಿಸುವಾಗ, ಮುಂದಿನ ವರ್ಷ ಅದನ್ನು ಎಬ್ಬಿಸುವ ಹೊತ್ತಿಗೆ ಆ ಒಂದು ಕಾರ್ಯ ನಡೆದಿದ್ದರೆ ಸಾಕು; ಸಂಕಲ್ಪದಲ್ಲಿ ಬಿಟ್ಟ ನೀರು ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.