ಜಾವಾ ಯೋಜನೆ: ಬಳುವಳಿಯಾಗಿ ಬರುವ ಅವಲಂಬನೆಗಳ ನಿರ್ವಹಣೆ

ದೊಡ್ಡ ಜಾವಾ ತಂತ್ರಾಂಶಗಳನ್ನು ಹಲವು ಮಾಡ್ಯೂಲ್‌ಗಳಾಗಿ ವಿಂಗಡಿಸಿ ಬರೆಯುವುದು ವಾಡಿಕೆ. ಅವುಗಳನ್ನು ಒಟ್ಟುಗೂಡಿಸಿ ಕಟ್ಟುವ ಸಾಧನಗಳಲ್ಲಿ ಅಪಾಚೆ ಮೇವನ್ ಪ್ರಮುಖವಾದುದು. ಇದರ 1.0 ಆವೃತ್ತಿ 2004ರಲ್ಲಿ, 2.0 ಆವೃತ್ತಿ 2005ರಲ್ಲಿ ಬಿಡುಗಡೆಯಾದವು. ಪ್ರತಿ ಮಾಡ್ಯೂಲ್‌ಗೂ 'ಪಾಮ್' ಎಂಬ ಕಡತವಿರುತ್ತದೆ. ತನಗೆ ಬೇಕಾದ ಲೈಬ್ರರಿಗಳನ್ನು, ಅಂದರೆ ಅವಲಂಬನೆಗಳನ್ನು, ಮಾಡ್ಯೂಲ್ ಅದರಲ್ಲಿ ನಮೂದಿಸುತ್ತದೆ.

ಲೈಬ್ರರಿ ಯಾವ ಹಂತದಲ್ಲಿ ಬೇಕು ಎಂಬುದನ್ನು 'ಸ್ಕೋಪ್' ನಿರ್ಧರಿಸುತ್ತದೆ. ಏನೂ ಹೇಳದಿದ್ದರೆ ಅದು 'ಕಂಪೈಲ್'. ಎಲ್ಲ ಹಂತಗಳಲ್ಲೂ ಲಭ್ಯ. 'ಟೆಸ್ಟ್' ಪರೀಕ್ಷೆಗೆ ಮಾತ್ರ ಸೀಮಿತ. ಜೆಯೂನಿಟ್ ಇದಕ್ಕೆ ಉದಾಹರಣೆ. ಡೇಟಾಬೇಸ್ ಡ್ರೈವರ್‌ನಂಥವು 'ರನ್‌ಟೈಮ್' ವರ್ಗಕ್ಕೆ ಸೇರುತ್ತವೆ. ಸರ್ವ್‌ಲೆಟ್ ಎಪಿಐಯಂತೆ ಸರ್ವರ್ ತಾನೇ ಒದಗಿಸುವಂಥವು 'ಪ್ರೊವೈಡೆಡ್'.

ಪೋಷಕ ಪಾಮ್‌ನ 'ಡಿಪೆಂಡೆನ್ಸೀಸ್' ವಿಭಾಗದಲ್ಲಿ ಬರೆದ ಲೈಬ್ರರಿ, ಅದರ ಸ್ಕೋಪ್ ಸಹಿತ, ಎಲ್ಲ ಮಾಡ್ಯೂಲ್‌ಗಳಿಗೂ ಇಳಿಯುತ್ತದೆ. ಪಿತ್ರಾರ್ಜಿತ ಆಸ್ತಿಯೊಂದಿಗೆ ಸಾಲವೂ ಬರುವಂತೆ ಬೇಡದವರಿಗೂ ಅದು ಅಂಟಿಕೊಳ್ಳುತ್ತದೆ. ಮಾಡ್ಯೂಲ್ ಅದೇ ಲೈಬ್ರರಿಯನ್ನು ಮತ್ತೆ ನಮೂದಿಸಿ ಸ್ಕೋಪ್ ಬದಲಿಸಬಹುದು; ಆದರೆ ಪೂರ್ತಿಯಾಗಿ ತ್ಯಜಿಸಲು ಅವಕಾಶವಿಲ್ಲ.

ಇದಕ್ಕೆ ಪರಿಹಾರ 'ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್' ವಿಭಾಗ. ಇದು ಲೈಬ್ರರಿಯನ್ನು ಯಾರ ಮೇಲೂ ಹೇರುವುದಿಲ್ಲ. ಬಳಸುವವರಿಗೆ ಆವೃತ್ತಿಯನ್ನು ಗೊತ್ತುಪಡಿಸುತ್ತದೆ. ಸ್ಕೋಪ್ ಆಯ್ಕೆಯನ್ನು ಸಾಧಾರಣವಾಗಿ ಆಯಾ ಮಾಡ್ಯೂಲ್‌ಗೇ ಬಿಡುವುದು ಸೂಕ್ತ.

ಇದಕ್ಕೆ ಕಾರಣವಿದೆ. ಈ ವಿಭಾಗದಲ್ಲಿ ಬರೆದ ಸ್ಕೋಪ್, ಬೇರೊಂದು ಲೈಬ್ರರಿಯ ಮೂಲಕ ಪರೋಕ್ಷವಾಗಿ ಬರುವ ಅವಲಂಬನೆಗೂ ಅನ್ವಯಿಸುತ್ತದೆ. ಅಲ್ಲಿ 'ಟೆಸ್ಟ್' ಎಂದು ಬರೆದರೆ, ನಿಜಕ್ಕೂ ಅಗತ್ಯವಾದ ಲೈಬ್ರರಿ ಅಂತಿಮ ಪ್ಯಾಕೇಜಿನಿಂದ ಸದ್ದಿಲ್ಲದೆ ಹೊರಗುಳಿಯಬಹುದು. ಪರೀಕ್ಷೆಯಲ್ಲಿ ತೇರ್ಗಡೆಯಾದ ತಂತ್ರಾಂಶ ಗ್ರಾಹಕರ ಮುಂದೆ ಮುಗ್ಗರಿಸುವುದು ಹೀಗೆ.

ಯಾವ ಲೈಬ್ರರಿ ಎಲ್ಲಿಂದ, ಯಾವ ಸ್ಕೋಪ್‌ನಲ್ಲಿ ಬಂದಿದೆ ಎಂಬುದನ್ನು 'ಡಿಪೆಂಡೆನ್ಸಿ ಟ್ರೀ' ಆದೇಶ ತೋರಿಸುತ್ತದೆ. ಬಳುವಳಿಯೆಲ್ಲ ಸೇರಿದ ಅಂತಿಮ ಪಾಮ್ ನೋಡಲು 'ಎಫೆಕ್ಟಿವ್ ಪಾಮ್' ಆದೇಶವಿದೆ.

ಈ ಶಿಸ್ತಿನ ಬೆಲೆ 2021ರ ಡಿಸೆಂಬರ್‌ನಲ್ಲಿ ಮನವರಿಕೆಯಾಯಿತು. ಲಾಗ್‌ಫೋರ್‌ಜೆ 2 ಲೈಬ್ರರಿಯಲ್ಲಿ ಗಂಭೀರ ಭದ್ರತಾ ಲೋಪ ಬಯಲಾದಾಗ, ಅದನ್ನು ತಾವಾಗಿ ನಮೂದಿಸದ ಯೋಜನೆಗಳಲ್ಲೂ ಅದು ಪರೋಕ್ಷವಾಗಿ ಸೇರಿತ್ತು. ಆವೃತ್ತಿಯನ್ನು ಪೋಷಕ ಪಾಮ್‌ನಲ್ಲಿ ನಿಯಂತ್ರಿಸುವವರಿಗೆ ಒಂದೇ ಕಡೆ ತಿದ್ದಿ ಎಲ್ಲ ಮಾಡ್ಯೂಲ್‌ಗಳನ್ನು ಮತ್ತೆ ಕಟ್ಟುವ ದಾರಿಯಿತ್ತು. ಉಳಿದವರು ಮಾಡ್ಯೂಲ್‌ಗಳನ್ನು ಒಂದೊಂದಾಗಿ ಜಾಲಾಡಬೇಕಿತ್ತು.